ಕೆಂಪು ಚುಕ್ಕೆಯ ಗೆಂಡೆ ಮೀನು

ಅಕ್ಕಾ,

ಹೊಳೆ ಕಾಯುವ ಕೆಲಸಕ್ಕೆ ಈ ಬೆಟ್ಟದೂರಿಗೆ ಬಂದು ತಿಂಗಳಾಯಿತು. ನಿನ್ನೆ ಸಂತ ನಿಕೋಲಾನ ಹಬ್ಬ. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸದ ಕಾಲವಾದ್ದರಿಂದ ಮಾಂಸ ಕೂಡದು, ಮೀನಿಲ್ಲದೆ ಹಬ್ಬವಾಗದು. ಇಲ್ಲಿನ ಹೊಳೆಯ ಕೆಂಪು ಚುಕ್ಕೆಯ ಟ್ರೌಟ್ ಮೀನು ಈಗ ಮೊಟ್ಟೆಯಿಡುವುದರಿಂದ ಮಾರ್ಚ್‌ವರೆಗೆ ಹಿಡಿಯುವಂತಿಲ್ಲ. ಅದಕ್ಕೇ ಇಲ್ಲಿ ಎಲ್ಲರೂ ಪೇಟೆಯಿಂದ ಗೆಂಡೆ ಮೀನು ತರುತ್ತಾರಂತೆ!

ಮೀನುಗಾರರ ಸಂಘದ ಅಧ್ಯಕ್ಷ ವುಕೋಮನ್ ನನ್ನನ್ನೂ ಊಟಕ್ಕೆ ಕರೆದಿದ್ದ. ತಟ್ಟೆಯಲ್ಲಿದ್ದ ‘ಗೆಂಡೆ’ಯ ಮೈತುಂಬ ಕೆಂಪು ಚುಕ್ಕೆ.

“ಇದೇನ್ ಯಜಮಾನ್ರೇ, ಈ ಚುಕ್ಕೆ?” ಎಂದೆ.

“ಮೆಣಸಿನಪುಡಿ ಕಣಯ್ಯಾ, ಸುಮ್ನೆ ತಿನ್ನು. ಬಯಲಿನವರಿಗೆ ಮೀನಿನ ವಿಷ್ಯ ಏನ್ ಗೊತ್ತು!” ಎಂದ.

ಡ್ಯಾನ್ಯೂಬ್ ದಡದಲ್ಲಿ ಗೆಂಡೆ ತಿಂದೇ ಬೆಳೆದ ನನಗೆ ಈ ಪಾಠ! ಬೆರಳಿನಿಂದ ಉಜ್ಜಿದೆ, ಚುಕ್ಕೆ ಹೋಗಲಿಲ್ಲ. ಬಿಡಿಸಿ ನೋಡಿದರೆ ಒಳಗೆ ಮೊಟ್ಟೆಯ ಗೊಂಚಲು. ದಂಡದ ಪುಸ್ತಕ ತೆಗೆದು, ಸಾಕ್ಷಿಗೆ ಯಾರು ಸಹಿ ಹಾಕುತ್ತೀರಿ ಎಂದು ಕೇಳಿದೆ. ಪಾದ್ರಿಯೂ ಸೇರಿ ಹದಿನಾಲ್ಕು ಜನ ಬೆರಳು ನೆಕ್ಕುತ್ತಲೇ “ಗೆಂಡೆನೇ, ಗೆಂಡೆನೇ” ಎಂದರು.

ಮೂಲೆಯಲ್ಲಿ ಬರೀ ಬೀನ್ಸ್ ಕಾಳು ತಿನ್ನುತ್ತಿದ್ದ ಅಧ್ಯಕ್ಷನ ತಾಯಿ ಸ್ಟಮೆನಾ ಎದ್ದಳು.

“ತಾರಪ್ಪಾ ಇಲ್ಲಿ ಪೆನ್ನು. ಗೆಂಡೆಯಂತೆ ಗೆಂಡೆ! ಹಿಡಿದೋನು ನನ್ ಮಗ, ತೊಳೆದೋಳು ನನ್ ಸೊಸೆ, ಕಣ್ಣಾರೆ ಕಂಡೋಳು ನಾನು. ಬಸುರಿ ಮೀನು ತಿಂದು ಸಂತನ ಹಬ್ಬ ಮಾಡ್ತವೆ, ಮಾನಗೆಟ್ಟವು!”

ಸಹಿ ದಪ್ಪಕ್ಷರದಲ್ಲಿ ಬಿತ್ತು.

ನನ್ನ ಕೆಮ್ಮು ವಾಸಿಯಾಗಿದೆ, ಉಣ್ಣೆಯ ಕಾಲುಚೀಲ ಕಳಿಸು. ಊರಲ್ಲಿ ಇನ್ನು ಯಾರೂ ನನ್ನನ್ನು ಊಟಕ್ಕೆ ಕರೆಯುವುದಿಲ್ಲ. ಭಾನುವಾರಕ್ಕೆ ಬಾ ಎಂದಿರುವುದು ಆ ಅಜ್ಜಿಯೊಬ್ಬಳೇ. ಮನೆ ಮಾತ್ರ ಅದೇ ಅಧ್ಯಕ್ಷನದು.

ಕಾರ್ಡು ತುಂಬಿತು,
ನಿನ್ನ ತಮ್ಮ ಜಾರ್ಕೊ