ಮೂರನೇ ಕ್ಲಾಸಿನ ಇಬ್ಬರು

ಲಷ್ಕರ್ ಮೊಹಲ್ಲಾ, ಮೈಸೂರು
6 ಫೆಬ್ರವರಿ 2025

ನನ್ನ ಮುದ್ದಿನ ಮೊಮ್ಮಗಳು ಸಂಘಮಿತ್ರಳಿಗೆ ಅಜ್ಜಿ ಮಂಚಮ್ಮನ ಆಶೀರ್ವಾದ.

ನೀನು ಜರ್ಮನಿ ತಲುಪಿದ ವಾರವೇ ಬರೆಯುತ್ತೇನೆ ಎಂದಿದ್ದವಳು ಒಂದು ತಿಂಗಳು ಕಳೆದ ಮೇಲೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. "ನಾವೆಲ್ಲರೂ ಇಲ್ಲಿ ಕ್ಷೇಮ" ಎಂದು ಶುರು ಮಾಡಬೇಕು. ಮೂವತ್ತೊಂದು ವರ್ಷ ಮಕ್ಕಳಿಗೆ ಪತ್ರಲೇಖನ ಹೇಳಿಕೊಡುವಾಗ ಬೋರ್ಡಿನ ಮೇಲೆ ಆ ಸಾಲು ಬರೆದವಳು ನಾನೇ. ಇವತ್ತು ಬರೆಯಲು ಕೈ ಬರುತ್ತಿಲ್ಲ.

ಮೊದಲು ಒಳ್ಳೆಯ ಸುದ್ದಿ. ನಿನ್ನ ಕರಿಬೇವಿನ ಗಿಡ ಚಿಗುರಿದೆ. ನೀನೂ ಹಾನಾಳೂ ಹಿಮದಲ್ಲಿ ನಿಂತಿರುವ ಫೋಟೊವನ್ನು ನಿನ್ನ ಅಮ್ಮ ಆಸ್ಪತ್ರೆಯಲ್ಲಿ ಜೊತೆಯ ನರ್ಸುಗಳಿಗೆಲ್ಲ ತೋರಿಸಿಕೊಂಡು ಬಂದಳು. ಟೋಪಿ ಕಿವಿ ಮುಚ್ಚುವ ಹಾಗೆ ಹಾಕಿಕೋ, ಚಂದ ಕಾಣಲಿ ಎಂದು ಮೇಲೆತ್ತಬೇಡ.

ಇನ್ನು ಕೆಟ್ಟದ್ದು. ವಿಡಿಯೊ ಕಾಲ್‌ನಲ್ಲಿ ನಿನ್ನ ಅಪ್ಪ ಮುಖದ ಒಂದೇ ಪಕ್ಕ ತೋರಿಸುತ್ತಾನೆ, ಗಮನಿಸಿದ್ದೀಯಾ? ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಾನೆ. ಸುಳ್ಳು. ಇನ್ನೊಂದು ಪಕ್ಕದ ಕಣ್ಣು ಹೋಗಿದೆ ಮಗಾ.

ಕೂತುಕೊಂಡು ಓದು.

ನಿಮ್ಮ ಶಾಲೆಯೂ ಜರ್ಮನಿಯ ಆ ಶಾಲೆಯೂ ಸೋದರಿ ಶಾಲೆಗಳು, ಅವುಗಳ ನಿಯಮ ನಿನಗೆ ಗೊತ್ತೇ ಇದೆ. ಅಲ್ಲಿಂದ ಬಂದ ಹುಡುಗಿ ಯಾರ ಮನೆಯಲ್ಲಿ ಉಳಿಯುತ್ತಾಳೋ ಆ ಮನೆಯ ಹುಡುಗಿಯೇ ಆಮೇಲೆ ಅಲ್ಲಿಗೆ ಹೋಗುವುದು. ನವೆಂಬರಿನಲ್ಲಿ ಹಾನಾಳನ್ನು ನಿಮ್ಮ ಶಾಲೆಯದೇ ಹುಡುಗಿ, ಗೋಕುಲಂನ ಲಾಸ್ಯಳ ಮನೆಗೆ ಹಾಕಿದರು. ಮಾಂಸ ತಿನ್ನುವವಳೆಂದು ಅಲ್ಲಿ ಅವಳಿಗೆ ಬೇರೆ ತಟ್ಟೆ, ಅದನ್ನು ತೊಳೆಯಲು ಹಿತ್ತಲ ನಲ್ಲಿ. ಐದನೇ ದಿನ ನಿನ್ನ ಜೊತೆ ಊಟಕ್ಕೆ ಬಂದ ಆ ಮಗು ನಮ್ಮ ಅಡುಗೆಮನೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ಮೊಟ್ಟೆಸಾರು ಎರಡು ಸಲ ಹಾಕಿಸಿಕೊಂಡಿತು. ಇಲ್ಲೇ ಇರುತ್ತೇನೆಂದು ಶಾಲೆಗೆ ಬರೆದುಕೊಟ್ಟಿತು. ಲಾಸ್ಯಳ ಸೀಟು ನಿನಗೆ ಬಂತು. ಆ ಹುಡುಗಿ ಪಾಪ ನಿನಗೆ ಸ್ವೆಟರ್ ತಂದುಕೊಟ್ಟಳು. ಅವಳಪ್ಪ ಯೋಗೇಂದ್ರ ಮಾತ್ರ ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡಿದ್ದ.

ಜನವರಿ ಹತ್ತೊಂಬತ್ತು, ಭಾನುವಾರ. ನಿನ್ನ ಅಮ್ಮನಿಗೆ ಡ್ಯೂಟಿ ಇತ್ತು. ನಾನು ನಡುಮನೆಯಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದೆ. ಬಾಗಿಲು ತೆಗೆದರೆ ಯೋಗೇಂದ್ರ, ಹಿಂದೆ ಇನ್ನಿಬ್ಬರು. ಬಗ್ಗಿ ನನ್ನ ಕಾಲು ಮುಟ್ಟಿದ. "ಗುರ್ತು ಸಿಕ್ತಾ ಮಿಸ್? ಮೂರನೇ ಕ್ಲಾಸಲ್ಲಿ ನಿಮ್ಮ ಕೈಲೇ ಓದಿದ್ದು," ಎಂದ. ಹೌದು, ಚಾಮರಾಜಪುರಂ ಶಾಲೆಯಲ್ಲಿ ಅವನೂ ನಿನ್ನ ಅಪ್ಪನೂ ಒಂದೇ ಬೆಂಚು. ತಾಯಿಯ ಕ್ಲಾಸೆಂದು ಸಲಿಗೆ ಬರಬಾರದು ಅಂತ ನಾನು ನನ್ನ ಮಗನಿಗೇ ಎರಡೇಟು ಜಾಸ್ತಿ ಬಿಗಿಯುತ್ತಿದ್ದೆ. ಶಿಷ್ಯ ಮನೆಗೆ ಬಂದರೆ ಯಾವ ಮೇಷ್ಟರಿಗೆ ಎದೆ ಉಬ್ಬುವುದಿಲ್ಲ ಹೇಳು? ಒಳಗೆ ಕರೆದು ಕೂರಿಸಿದೆ. ನಿನ್ನ ಅಪ್ಪನನ್ನು ಕೂಗಿ ಕಾಫಿಗೆ ನೀರಿಟ್ಟೆ.

ನೀರು ಕಾಯುವಷ್ಟರಲ್ಲಿ ದನಿ ಏರಿತು. "ನಮ್ಮನೇಲಿ ಇದ್ದೋಳು ಈ ಕೇರೀಲಿ ಬಂದು ಉಂಡ್ಬುಟ್ಳಲ್ಲ, ಏನ್ ಹೇಳ್ಕೊಟ್ಟೆ ಅವಳಿಗೆ?" ಎನ್ನುತ್ತಿದ್ದ ಯೋಗೇಂದ್ರ. ಉಣ್ಣುವ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದ ನಿನ್ನ ಅಪ್ಪ. ಅಷ್ಟಕ್ಕೇ ಕಿವಿಯ ಮೇಲೆ ಮೊದಲ ಏಟು ಬಿತ್ತು. ಕೆಳಗೆ ಬಿದ್ದವನ ಪಕ್ಕೆಗೆ ಆ ಇಬ್ಬರು ಬೂಟುಗಾಲಲ್ಲಿ ಒದ್ದರು. ಹಲ್ಲು ಮುರಿದು ಅವರೆಕಾಳಿನ ಮೊರದಲ್ಲಿ ಬಿತ್ತು. ಬಾಗಿಲ ಹಿಂದೆ ಇದ್ದ ನಿನ್ನ ತಮ್ಮನ ಕ್ರಿಕೆಟ್ ವಿಕೆಟ್ಟನ್ನು ಯೋಗೇಂದ್ರ ಎತ್ತಿಕೊಂಡ. ಅದರ ಚೂಪು ತುದಿ ಎಡಗಣ್ಣಿಗೆ ಹೊಕ್ಕಿತು. ರಕ್ತ ಗೋಡೆಯ ಬುದ್ಧನ ಪಟದವರೆಗೂ ಚಿಮ್ಮಿತ್ತು. ನಾನು ಕುದಿಯುವ ನೀರನ್ನು ಪಾತ್ರೆ ಸಮೇತ ಯೋಗೇಂದ್ರನ ಬೆನ್ನಿಗೆ ಎರಚಿದೆ. ಬೊಬ್ಬೆ ಹೊಡೆದುಕೊಂಡು ಓಡಿದ. ಇನ್ನೊಂದು ಪಾತ್ರೆ ನೀರಿಡಬೇಕಿತ್ತು ಅನ್ನಿಸುತ್ತದೆ. ಎಪ್ಪತ್ತೊಂದು ವರ್ಷದವಳು ಹೀಗೆ ಬರೆಯಬಾರದು, ಬರೆಯುತ್ತಿದ್ದೇನೆ.

ನಿಮ್ಮ ಶಾಲೆಯ ಹೆಡ್‌ಮಾಸ್ಟರ್ ಸದಾಶಿವಯ್ಯ ಕಿತ್ತಳೆಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಪೊಲೀಸು, ಕೇಸು ಅಂತ ಆದರೆ ಮಗುವಿನ ಮನೆ ಸುರಕ್ಷಿತವಲ್ಲ ಎಂದು ಅಲ್ಲಿಯ ಶಾಲೆಗೆ ತಿಳಿಸಬೇಕಾಗುತ್ತದೆ, ಸಂಘಮಿತ್ರಳನ್ನು ಅರ್ಧದಲ್ಲೇ ವಾಪಸ್ ಕಳಿಸಿಬಿಡುತ್ತಾರೆ, ಯೋಚನೆ ಮಾಡಿ ಎಂದರು. ನಿನ್ನ ಅಪ್ಪ ಯೋಚನೆ ಮಾಡಲೇ ಇಲ್ಲ. ಸ್ಕೂಟರಿನಿಂದ ಬಿದ್ದೆ ಎಂದು ಬರೆಸಿ ಸಹಿ ಹಾಕಿದ. ನಾನು ಜಗಳ ಮಾಡಿದೆ. "ಮಗಳು ಮಾರ್ಚ್‌ವರೆಗೂ ಇದ್ದು ಬರ್ಲಿ ಅವ್ವ. ಒಂದು ಕಣ್ಣು ತಾನೇ, ಬುಡು," ಎಂದ. ಬೀಟೆ ಮರದಲ್ಲಿ ಬೇರೆ ಬಣ್ಣದ ಮರದ ಕೂದಲೆಳೆಯಷ್ಟು ಚೂರು ಕೂರಿಸಿ ಚಿತ್ರ ಮಾಡುವವನು, ಒಂದು ಕಣ್ಣು ತಾನೇ ಎನ್ನುತ್ತಾನೆ. ಈಗ ಚೂರು ಇಟ್ಟ ಜಾಗ ಒಂದು, ಕೂರುವ ಜಾಗ ಇನ್ನೊಂದು.

ಹದಿನೆಂಟು ದಿನ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಬೆಳಿಗ್ಗೆ ಅವನಿಗೆ ಹೇಳದೆ ಆಟೊ ಹತ್ತಿ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಟ್ಟೆ. ನೀರು ಎರಚಿದ್ದನ್ನೂ ಬರೆದಿದ್ದೇನೆ. ಇದರಿಂದ ನಿನ್ನ ಸೀಟು ಹೋಗಬಹುದು. ನಿನ್ನ ಅಪ್ಪ ಕಣ್ಣು ಕೊಟ್ಟು ಉಳಿಸಿದ್ದನ್ನು ನಾನು ಒಂದು ಕಾಗದದಿಂದ ಕಳೆದಿರಬಹುದು. ಕೋಪ ಬಂದರೆ ನನ್ನ ಮೇಲೆ ಮಾಡಿಕೋ, ಅವನ ಮೇಲೆ ಬೇಡ. ಯಾರಾದರೂ ಕರೆದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳು. ಹಾನಾಳಿಗೂ ಹೇಳು, ಆದರೆ ಅವಳ ತಪ್ಪು ಸಾಸಿವೆಯಷ್ಟೂ ಇಲ್ಲ ಎಂದು ಮೊದಲೇ ಹೇಳು. ಕಳಿಸಿದರೆ ಬಾ, ನಾನೇ ರೈಲ್ವೆ ಸ್ಟೇಷನ್ನಿಗೆ ಬಂದು ಕರೆದುಕೊಂಡು ಬರುತ್ತೇನೆ. ಇರು ಎಂದರೆ ಇದ್ದು ಚೆನ್ನಾಗಿ ಓದು.

ನಿನ್ನ ಎರಡು ಕಣ್ಣೂ ತಣ್ಣಗಿರಲಿ, ನೂರು ವರ್ಷ ಲೋಕ ನೋಡಲಿ.

ನಿನ್ನ ಅಜ್ಜಿ,
ಮಂಚಮ್ಮ

ಮರೆತಿದ್ದು: ಮರೆತಿಲ್ಲ, ಬರೆಯಲು ಆಗಿರಲಿಲ್ಲ. ಪೊಲೀಸರಿಗೂ ಹೇಳಿಲ್ಲ. ಪಕ್ಕೆಗೆ ಒದೆ ತಿಂದ ಮೇಲೂ ನಿನ್ನ ಅಪ್ಪ ಎದ್ದಿದ್ದ. ವಿಕೆಟ್ಟು ಕಿತ್ತುಕೊಂಡು ಯೋಗೇಂದ್ರನನ್ನು ಗೋಡೆಗೆ ಒತ್ತಿ ಹಿಡಿದಿದ್ದ, ಅವನ ಜೊತೆ ಬಂದವರು ಹೆದರಿ ಬಾಗಿಲ ಹತ್ತಿರ ಸರಿದಿದ್ದರು. ಅಡುಗೆಮನೆಯಿಂದ ಬಂದ ನನಗೆ ಏನು ಕಂಡಿತೋ, ಕ್ಲಾಸಿನಲ್ಲಿ ಕೂಗುತ್ತಿದ್ದ ದನಿಯಲ್ಲೇ ಕೂಗಿದೆ: "ಇಬ್ರೂ ಕೈ ಕಟ್ಟಿ ನಿಂತ್ಕೊಳ್ಳಿ." ನನ್ನ ಮಗ ವಿಕೆಟ್ಟು ಕೆಳಗೆ ಹಾಕಿ ಕೈ ಕಟ್ಟಿ ನಿಂತ. ಕಣ್ಣಿಗೆ ಏಟು ಬಿದ್ದದ್ದು ಆಗ.