ಸಣ್ಣ ಅರಕ್ಕೆ ಅಂಟಿದ್ದು

ಮಾವಾ,

ನಾನು ಶಿರಾಕ್ಕೆ, ಎಣ್ಣೆ ಗಿರಣಿ ಕೆಲಸಕ್ಕೆ ಹೊರಟೆ. ನೀವು ಏಳುವವರೆಗೂ ಕಾಯೋಣವೆಂದರೆ ಬಸ್ಸಿಗೆ ಹೊತ್ತಾಯಿತು, ಅದಕ್ಕೇ ಬರೆದಿಟ್ಟಿದ್ದೇನೆ.

ಚಾಕು ಮಾಡುವುದನ್ನು ಕಲಿಯಿರಿ ಅಂತ ನಿಮಗೆ ಕಬ್ಬಿಣ ಉಜ್ಜುವ ಎರಡು ಅರ ಕೊಟ್ಟಿದ್ದೆ. ಹಳೇ ಗರಗಸದ ತುಂಡನ್ನು ಚಾಕುವಿನ ಆಕಾರಕ್ಕೆ ತರಲು ದಪ್ಪ ಹಲ್ಲಿನದು, ಕೊನೆಗೆ ಹರಿತ ಮಾಡಲು ಸಣ್ಣ ಹಲ್ಲಿನದು. ಮುಂದಕ್ಕೆ ಮಾತ್ರ ಒತ್ತಿ ತಳ್ಳಿ, ಹಿಂದಕ್ಕೆ ತರುವಾಗ ಎತ್ತಿಕೊಳ್ಳಿ ಅಂತ ಹತ್ತು ಸಲ ಹೇಳಿದ್ದೆ. ಎಣ್ಣೆ ಸೋಕಿಸಬೇಡಿ, ಜಾರುತ್ತದೆ ಅಂತಲೂ ಹೇಳಿದ್ದೆ. ಅದರಲ್ಲಿ ಹಿಮ್ಮಡಿ ಉಜ್ಜಬೇಡಿ ಅಂತ ಮಾತ್ರ ಹೇಳಿರಲಿಲ್ಲ. ಅದನ್ನೂ ಹೇಳಬೇಕೆಂದು ನನಗೆ ಹೊಳೆಯಲಿಲ್ಲ, ತಪ್ಪಾಯಿತು.

"ಯಾಕೋ ಅರ ಜಾರ್ತೈತಲ್ಲಪ್ಪಾ" ಅಂತ ರಾತ್ರಿ ನೀವು ದೂರಿದ್ದಕ್ಕೆ ಈಗ ಬೆಳಕಿಗೆ ಹಿಡಿದು ನೋಡಿದೆ. ಸಣ್ಣ ಅರದ ಹಲ್ಲಿನ ಸಂದಿಯಲ್ಲೆಲ್ಲ ಒಣ ಚರ್ಮ, ಅದರ ಮೇಲೆ ಹರಳೆಣ್ಣೆ. ಥೂ! ಬಚ್ಚಲಲ್ಲಿ ಇಟ್ಟಿಗೆ ಚೂರು ಇರಲಿಲ್ಲವೇ?

ಸೀಗೆಪುಡಿ ಹಾಕಿ ಬಿಸಿನೀರಲ್ಲಿ ತೊಳೆದು, ತಂತಿ ಬ್ರಷ್ಷಿನಿಂದ ಹಲ್ಲಿನ ಸಾಲಿನುದ್ದಕ್ಕೂ ಉಜ್ಜಿ, ಬಿಸಿಲಿಗಿಡಿ. ನೀವೇ ಮಾಡಿ. ಚಾಕುವನ್ನೂ ಬೂದಿ ಹಾಕಿ ತಿಕ್ಕಿ.

ಅಮ್ಮನ ಮುಂದೆ ಬಾಯಿ ಬಿಡಬೇಡಿ. ಗೊತ್ತಾದರೆ ಅಡುಗೆಮನೆಯ ಪಾತ್ರೆಯೆಲ್ಲ ಅಂಗಳಕ್ಕೆ ಬರುತ್ತದೆ. ನಿನ್ನೆ ನೀವು ಆ ಅರದಲ್ಲಿ ಹರಿತ ಮಾಡಿಕೊಟ್ಟ ಚಾಕುವಿನಲ್ಲೇ ಅವಳು ಬದನೆಕಾಯಿ ಹೆಚ್ಚಿದ್ದು. "ನನ್ ತಮ್ಮ ಮಾಡಿದ್ ಚಾಕು ಕಣ್ಲಾ, ಬೆಣ್ಣೆ ಕುಯ್ದಂಗೆ ಕುಯ್ತೈತೆ" ಅಂತ ಹಿಗ್ಗಿಕೊಂಡು ಬಡಿಸಿದಳು.

ಪಲ್ಯ ಬಹಳ ಚೆನ್ನಾಗಿತ್ತು. ನಾನು ಮೂರು ಸಲ ಹಾಕಿಸಿಕೊಂಡೆ.

ರೇಣುಕಯ್ಯ