ಇಡ್ಲಿ ತಟ್ಟೆಯ ದೀಪ

ಗುಬ್ಬಿ
20-10-2008, ಸೋಮವಾರ

ಪ್ರೀತಿಯ ಮಗಳು ಅಕ್ಷತಾಳಿಗೆ,

ಹೇಗಿದ್ದೀಯಮ್ಮ? ಕಾಲಿನ ಊತ ಇಳಿಯಿತೇ? ಬೆಳಗಿನ ಹೊತ್ತು ಏನೂ ಸೇರುವುದಿಲ್ಲ ಎಂದಿದ್ದೆ, ಈಗಲಾದರೂ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಮಾರ್ಕೋನಹಳ್ಳಿ ನಾಲೆಗೆ ನೀರು ಬಿಟ್ಟಿದ್ದಾರೆ ಎಂದು ಕೇಳಿದೆ. ಗದ್ದೆಯ ಬದುವಿನ ಮೇಲೆ ಓಡಾಡಬೇಡ, ಜಾರುತ್ತದೆ. ಅಳಿಯಂದಿರು ಸಂಗಮೇಶ್ ಅವರಿಗೂ ನಿಮ್ಮ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ಮನೆಯಲ್ಲಿ ಫೋನ್ ಇರುವಾಗ ಅಪ್ಪ ಯಾಕೆ ಕಾಗದ ಬರೆಯುತ್ತಿದ್ದಾನೆ ಎಂದು ನಗಬೇಡ. ಫೋನಿನಲ್ಲಿ ಎಷ್ಟು ಮೆಲ್ಲಗೆ ಮಾತಾಡಿದರೂ ನಿಮ್ಮಮ್ಮನಿಗೆ ಕೇಳಿಸುತ್ತದೆ, ಅವಳ ಕಿವಿ ಈಗ ಅಷ್ಟು ಚುರುಕು. ಅದಕ್ಕೇ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ರಿಪೇರಿಗೆ ಒಂದು ಟೀವಿಯೂ ಬಂದಿಲ್ಲ, ಯಾರೂ ಅಡ್ಡಿ ಮಾಡುವುದಿಲ್ಲ.

ಯುಗಾದಿಗೆ ನೀನು ಬಂದಿದ್ದಾಗ, ಕಣ್ಣಿಗೆ ಪೊರೆ ಬಂದಿದೆ, ತೆಗೆಸಿದರಾಯಿತು ಎಂದು ಅಮ್ಮ ಹೇಳಿದ್ದಳಲ್ಲ, ಅದು ಪೊರೆಯಲ್ಲ. ಕಣ್ಣಿನ ಒತ್ತಡ ಏರಿ ಒಳಗಿನ ನರವೇ ಒಣಗಿದೆ ಎಂದು ತುಮಕೂರಿನ ಡಾಕ್ಟರ್ ಹೇಳಿದರು. "ಹೋಗಿರೋದು ವಾಪಸ್ ಬರಲ್ಲ ಯಜಮಾನ್ರೇ, ಇರೋದನ್ನ ಉಳಿಸ್ಕೊಳ್ಳೋಣ" ಎಂದರು. ನಾವು ಎದ್ದು ಹೊರಡುವಾಗ, ಮನೆಯಲ್ಲಿ ಒಳ್ಳೆಯ ಬೆಳಕಿದ್ದರೆ ಸ್ವಲ್ಪ ಅನುಕೂಲ ಎಂದೂ ಸೇರಿಸಿದರು. ಉಳಿದ ಮಾತೆಲ್ಲ ಬಿಟ್ಟು ನಾನು ಅದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಬೆಳಕು ತಾನೇ, ಜೀವಮಾನವೆಲ್ಲ ತಂತಿ ಕರೆಂಟು ಎಂದುಕೊಂಡೇ ಬದುಕಿದವನು ಅಷ್ಟು ಮಾಡಲಾರೆನೇ ಎನ್ನಿಸಿತು. ನಿಮ್ಮಮ್ಮನಿಗೋ ತನ್ನ ಕಣ್ಣಿನ ಚಿಂತೆಯಿಲ್ಲ, ನಿನ್ನ ಬಾಣಂತನದ್ದೇ ಚಿಂತೆ. ಈ ಬೀದಿಯ ಅರ್ಧ ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವಳು ಹೆತ್ತ ಮಗಳ ಕೂಸನ್ನು ಬೇರೆಯವರ ಕೈಗೆ ಕೊಡುತ್ತಾಳೆಯೇ? "ಬಚ್ಚಲಲ್ಲಿ ಒಂಚೂರು ಬೆಳಕು ಮಾಡ್ಕೊಡ್ರಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಎಂದಳು.

ನಮ್ಮ ಬಚ್ಚಲುಮನೆ ನಿನಗೆ ಗೊತ್ತಲ್ಲ, ಹಗಲಲ್ಲೂ ಗವಿ. ನೀರು ಕಾಯಿಸಿದ ಹಬೆಗೆ ಬಲ್ಬು ಒಡೆಯುತ್ತದೆ, ಕರೆಂಟಂತೂ ತನಗೆ ಮನಸ್ಸು ಬಂದಾಗ ಬರುತ್ತದೆ. ಮೈಕ್ ಸೆಟ್ಟಿನ ಅಪ್ಪಾಜಿ ಬೆಂಗಳೂರಿಗೆ ಹೋದಾಗ ನನಗಾಗಿ ಬಿಳಿ ಎಲ್‌ಇಡಿಗಳನ್ನು ತಂದುಕೊಟ್ಟ. ಕಡಲೆಬೇಳೆಯಷ್ಟು ದೊಡ್ಡದು, ಹಳೆಯ ಸ್ಕೂಟರ್ ಬ್ಯಾಟರಿಯಲ್ಲೇ ಉರಿಯುತ್ತದೆ. ಆದರೆ ಅದನ್ನು ಕೂರಿಸುವುದಕ್ಕೊಂದು ಗೂಡು ಬೇಕಲ್ಲ. ಮೊದಲು ಪಿವಿಸಿ ಪೈಪಿನ ಮುಚ್ಚಳದೊಳಗಿಟ್ಟು, ಹಬೆ ನುಗ್ಗಬಾರದೆಂದು ಸುತ್ತಲೂ ಎಂ-ಸೀಲ್ ಮೆತ್ತಿದೆ. ವಾರ ಕಳೆಯುವುದರೊಳಗೆ ನೀಲಿಗೆ ತಿರುಗಿ ಸತ್ತುಹೋಯಿತು. ಎಲ್‌ಇಡಿ ಬಿಸಿಯಾಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೆ. ಅದರ ಬೆಳಕು ತಣ್ಣಗಿರುತ್ತದೆ, ಬೆನ್ನು ಸುಡುತ್ತದೆ ಕಣಮ್ಮ. ಹಬೆಗೆ ಹೆದರಿ ನಾನು ಅದರ ಉಸಿರೇ ಕಟ್ಟಿಸಿದ್ದೆ. ಆಮೇಲೆ ತೆಂಗಿನ ಚಿಪ್ಪನ್ನು ಉಜ್ಜಿ ಉಜ್ಜಿ ಮಿರುಗುವಂತೆ ಮಾಡಿ ಅದರೊಳಗೆ ಕೂರಿಸಿದೆ. ನೋಡಲು ಬಲು ಚೆಂದ, ಅದೂ ಬಿಸಿ ಬಿಟ್ಟುಕೊಡಲಿಲ್ಲ. ಪೌಡರ್ ಡಬ್ಬಿ ತುಕ್ಕು ಹಿಡಿಯಿತು. ಕೊನೆಗೆ ಕಣ್ಣಿಗೆ ಬಿದ್ದದ್ದು ತಟ್ಟೆ ಇಡ್ಲಿಯ ಅಲ್ಯುಮಿನಿಯಂ ತಟ್ಟೆ. ಒಳಮೈಗೆ ಎಲ್‌ಇಡಿ ಅಂಟಿಸಿದರೆ ಬಿಸಿಯನ್ನೆಲ್ಲ ತಟ್ಟೆ ಹೀರಿಕೊಂಡು ಬೆನ್ನಿನಿಂದ ಗಾಳಿಗೆ ಬಿಡುತ್ತದೆ. ಕಣ್ಣಿಗೆ ಚುಚ್ಚದಿರಲೆಂದು ಐಸ್‌ಕ್ರೀಮ್ ಡಬ್ಬಿಯ ಬಿಳಿ ಮುಚ್ಚಳವನ್ನು ಮುಂದೆ ಹಾಕಿ, ತಂತಿ ಬರುವ ತೂತಿಗೆ ಸೈಕಲ್ ಟ್ಯೂಬಿನ ತುಂಡು ತುರುಕಿದೆ. "ಇನ್ನ ಇಡ್ಲಿ ಎಲ್ಲಿ ಬೇಯಿಸ್ಲಿ, ನಿಮ್ ತಲೆ ಮೇಲಾ?" ಎಂದು ನಿಮ್ಮಮ್ಮ ಬೈದಳು. ದೀಪ ಹಚ್ಚಿದ ಮೇಲೆ ತಟ್ಟೆಯತ್ತ ಮುಖ ಎತ್ತಿ, "ಕಾಣ್ತದೆ ಕಣ್ರೀ" ಎಂದಳು. ನನಗಾದ ಸಂತೋಷವನ್ನು ಏನೆಂದು ಬರೆಯಲಿ. ಅಡುಗೆಮನೆಗೆ, ದೇವರ ಮೂಲೆಗೆ, ನೀನು ಮಲಗುವ ಕೋಣೆಗೆ, ಎಲ್ಲದಕ್ಕೂ ಒಂದೊಂದು ತಟ್ಟೆ ನೇತುಹಾಕಿದೆ. ಪ್ರತಿ ಸಲವೂ ಕಾಣುತ್ತದೆ ಎಂದೇ ಹೇಳಿದಳು.

ಹೋದ ಶುಕ್ರವಾರ ಬಚ್ಚಲಿನ ದೀಪದ ಬ್ಯಾಟರಿಗೆ ನೀರು ತುಂಬಿಸಲೆಂದು ಅದನ್ನು ಬಿಚ್ಚಿಕೊಂಡು ಹಿತ್ತಲಿಗೆ ಹೋಗಿದ್ದೆ. ಎತ್ತಿಕೊಂಡು ವಾಪಸ್ ಬಂದರೆ ನಿಮ್ಮಮ್ಮ ಬಚ್ಚಲಿನಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ, ಹಳೆಯ ಸೀರೆಯೊಂದನ್ನು ಕೂಸಿನಂತೆ ಸುತ್ತಿ ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಕೈ ತಪ್ಪಿಹೋಗಬಾರದು ಎಂದು ಅಭ್ಯಾಸ ಮಾಡಿಕೊಳ್ಳುತ್ತಿದ್ದಳಂತೆ. ಕೂಸಿನ ಕಣ್ಣಿಗೆ ನೀರು ಬೀಳದಂತೆ ಹಣೆಗೆ ಅಂಗೈ ಅಡ್ಡ ಹಿಡಿಯುತ್ತಾರಲ್ಲ, ಹಾಗೇ ಹಿಡಿದಿದ್ದಳು. ನನ್ನ ಹೆಜ್ಜೆ ಕೇಳಿ, "ನೋಡ್ರಿ, ಎಷ್ಟು ಚೆನ್ನಾಗಿ ಕಾಣ್ತದೆ, ಹೊರಗೇ ಕೂತಂಗದೆ" ಎಂದಳು. ಬ್ಯಾಟರಿ ನನ್ನ ಕೈಯಲ್ಲಿತ್ತು, ಅಕ್ಷತಾ. ಮೇಲಿನ ದೀಪ ಆರಿತ್ತು. ಬ್ಯಾಟರಿ ಕೆಳಗಿಡುವಷ್ಟರಲ್ಲಿ ಅವಳು ಬಕೆಟ್ಟಿಗೆ ಚೊಂಬು ಅದ್ದಿ ಹೊಯ್ದುಕೊಂಡುಬಿಟ್ಟಳು. ಬಿಸಿನೀರಿಗೆ ತಣ್ಣೀರು ಬೆರೆಸಿದ್ದೇನೆ ಎಂದು ಅವಳು ತಿಳಿದಿದ್ದಳು, ಆ ತಣ್ಣೀರೆಲ್ಲ ಬಕೆಟ್ಟಿನ ಹೊರಗೆ ಬಿದ್ದು ಹರಿದುಹೋಗಿತ್ತು. ಎರಡೂ ಮೊಣಕಾಲಿನ ಕೆಳಗೆ ಬೊಬ್ಬೆ ಎದ್ದಿದೆ. ಕೂಗಲಿಲ್ಲ. ಒದ್ದೆ ಸೀರೆಯನ್ನು ಕಾಲಿನಿಂದ ಎಳೆದುಹಾಕಿ, "ದೀಪ ಹೋಗ್ಬಿಡ್ತಾ?" ಎಂದು ಕೇಳಿದಳು. ಹೂಂ, ಈಗ ತಾನೇ ಹೋಯಿತು ಎಂದೆ.

ಆವತ್ತಿನಿಂದ ನನಗೆ ಯಾವುದರಲ್ಲೂ ಆಸೆಯಿಲ್ಲ. ಇಷ್ಟು ದಿನ ಉಜ್ಜಿ, ಕೊರೆದು, ಅಂಟಿಸಿ ನಾನು ಬೆಳಕು ಮಾಡಿದ್ದು ನನ್ನ ಕಣ್ಣಿಗೆ ಮಾತ್ರ. ನನ್ನ ಮನಸ್ಸು ನೋಯಬಾರದೆಂದು ಅವಳು ಕಾಣುತ್ತದೆ ಎನ್ನುತ್ತಾ ಬಂದಳು. ಇನ್ನು ಯಾವ ತಟ್ಟೆ, ಯಾವ ಡಬ್ಬಿ ಹುಡುಕಲಿ? ಮಾರನೆಯ ದಿನ ದೀಪ ಸರಿಮಾಡಿದ್ರಾ ಎಂದು ಕೇಳಿದಳು, ಮಾಡಿದೆ ಎಂದೆ. ಈಗ ಕಾಲಿಗೆ ಮುಲಾಮು ಹಚ್ಚಿಕೊಂಡು ಕೂತು ಸಾಂಬ್ರಾಣಿ, ಬಜೆ ಬೇರು, ಹರಳೆಣ್ಣೆ ಎಂದು ಒಂದೊಂದನ್ನೇ ಕೈಯಿಂದ ತಡವಿ ತೆಗೆದಿಡುತ್ತಿದ್ದಾಳೆ. ದೀಪಾವಳಿ ಕಳೆದ ಕೂಡಲೇ ನಿನ್ನನ್ನು ಕರೆತರಬೇಕು ಎಂದು ದಿನಾ ನೆನಪಿಸುತ್ತಾಳೆ. ನಾನು ಆಗಲಿ ಎನ್ನುತ್ತೇನೆ.

ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ. ಭಾರ ಎತ್ತಬೇಡ. ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಯಡಿಯೂರು ಸಿದ್ಧಲಿಂಗೇಶ್ವರ ಕಾಪಾಡಲಿ ಎಂದು ನಿಮ್ಮಮ್ಮನ ಪರವಾಗಿಯೂ ಬೇಡಿಕೊಳ್ಳುವ

ನಿನ್ನ ಅಪ್ಪ
ಚನ್ನವೀರಯ್ಯ

ಮರೆತ ಮಾತು: ಇದು ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಕೂತು ಸೇರಿಸುತ್ತಿದ್ದೇನೆ. ಬಾಣಂತನಕ್ಕೆ ಇಲ್ಲಿಗೆ ಬರಬೇಡ ಮಗಳೇ. ನಮ್ಮತ್ತೆ ಕಳಿಸಲ್ಲ ಅಂತಿದಾರೆ ಎಂದು ಅಮ್ಮನಿಗೆ ಒಂದು ಕಾಗದ ಬರಿ. ಬೈದರೆ ನಿಮ್ಮತ್ತೆಯವರನ್ನು ಬೈದುಕೊಳ್ಳಲಿ. ನನ್ನ ಪರವಾಗಿ ಅವರ ಕ್ಷಮೆ ಕೇಳು. ಫೋನ್ ಮಾತ್ರ ಮಾಡಬೇಡ, ನಿನ್ನ ದನಿ ಕೇಳಿದರೆ ಅವಳಿಗೆ ಸುಳ್ಳು ಗೊತ್ತಾಗಿಬಿಡುತ್ತದೆ. ಕಾಗದವಾದರೆ ಓದಿ ಹೇಳುವವನು ನಾನೇ. ಜಾಸ್ತಿ ಬರೆಯಬೇಡಮ್ಮ, ನನ್ನ ಕೈಲಿ ಓದುವುದಕ್ಕಾಗುವುದಿಲ್ಲ.